ಸೋರುವ ಮೂಲೆಯನ್ನೂ ತೋರಿಸಿ

ಮನೆ ಮಾರುವ ಮುನ್ನ ಬಣ್ಣ ಬಳಿಸುವುದು ತಪ್ಪಲ್ಲ. ಸೋರಿಕೆಯ ಕಲೆ ಮುಚ್ಚಲೆಂದೇ ಬಳಿಸಿದರೆ ಅದು ಮೋಸ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಹೇಳಲೇಬೇಕು. ಅದು ಆಸ್ತಿಯದ್ದಾಗಲಿ, ಹಕ್ಕಿನದ್ದಾಗಲಿ. ಹೇಳದೆ ಬಿಟ್ಟರೆ ಕಾಯ್ದೆ ಅದನ್ನು ವಂಚನೆ ಎಂದೇ ಕರೆಯುತ್ತದೆ.

ಹೇಳುವ ರೀತಿಯೂ ಮುಖ್ಯ. ‘ಸ್ವಲ್ಪ ತೇವ ಇದೆ, ಅಷ್ಟೇ’ ಎಂದರೆ ಏನೂ ಹೇಳಿದಂತಾಗದು. ‘ಜೋರು ಮಳೆ ಬಂದರೆ ಹಿಂದಿನ ಕೋಣೆಯ ಕಿಟಕಿ ಮೇಲೆ ತಾರಸಿ ಸೋರುತ್ತದೆ, ವಾಟರ್‌ಪ್ರೂಫಿಂಗ್ ಮಾಡಿಸಿದೆವು, ಆದರೂ ಕಳೆದ ಮಳೆಗಾಲದಲ್ಲಿ ಮತ್ತೆ ತೊಟ್ಟಿಕ್ಕಿತು’ ಎನ್ನಿ. ಬೇಸಿಗೆಯಲ್ಲಿ ಬತ್ತುವ ಬೋರ್‌ವೆಲ್, ಮಂಜೂರಾದ ನಕ್ಷೆ ಮೀರಿ ಕಟ್ಟಿದ ಮಹಡಿ, ಇತ್ಯರ್ಥವಾಗದ ಪಾಲಿನ ದಾವೆ ಇದ್ದರೆ ಅದನ್ನೂ ಹೀಗೆಯೇ ಬಿಡಿಸಿ ಹೇಳಿ. ಗೋಡೆಯ ಬಿರುಕಿಗೆ ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಊಹೆ ಮಾಡಿ ಧೈರ್ಯ ತುಂಬಬೇಡಿ.

ಬಾಯಿಮಾತು ಸಾಲದು, ಕ್ರಯದ ಕರಾರಿನಲ್ಲೇ ಬರೆಸಿ. ಬೆಲೆ ಒಂದಿಷ್ಟು ಇಳಿದೀತು. ಇಳಿಯಲಿ. ಸಾಲ ಮಾಡಿ, ಒಡವೆ ಅಡವಿಟ್ಟು ಬರುವ ಕುಟುಂಬ ತಾನು ಕೊಳ್ಳುತ್ತಿರುವುದು ಏನನ್ನು ಎಂದು ತಿಳಿದೇ ಕೊಳ್ಳಬೇಕು. ದಯವಿಟ್ಟು ಮುಂಗಡ ಪಡೆಯುವ ಮೊದಲೇ ಹೇಳಿಬಿಡಿ.