ಡ್ರೈವ್‌ವೇಗೆ ರೆಸಿನ್ ಹಾಕಿಸುವ ಮೊದಲು

ಐರ್ಲೆಂಡಿನ ಲೂಕನ್‌ನಲ್ಲಿ ಮನೆ ಕೊಂಡೆ, ತುಂಬ ಸಂತೋಷ ತಮ್ಮಾ. ಮುಂದಿನ ಡ್ರೈವ್‌ವೇಗೆ ರೆಸಿನ್ ಹಾಕಿಸಲು ನಿಮ್ಮಿಬ್ಬರಿಗೂ ಮನಸ್ಸಾಗಿದೆ ಅಂದೆ. ಹಾಕಿಸು, ಒಳ್ಳೆಯದೇ. ಆದರೆ ಹರಳಿನ ಬಣ್ಣಕ್ಕೆ ಮರುಳಾಗಿ ಯಾರಿಗೂ ಮಾತು ಕೊಡಬೇಡ. ನಿನ್ನ ದುಡ್ಡು ಉಳಿಯುವುದೂ ಮುಳುಗುವುದೂ ಕಣ್ಣಿಗೆ ಕಾಣದ ತಳದಲ್ಲಿ.

ರೆಸಿನ್ ಎಂಬ ಹೆಸರಿನಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ರೆಸಿನ್ ಬೌಂಡ್ ಅಂದರೆ ಒಣಗಿದ ಸಣ್ಣ ಹರಳನ್ನು ಯಂತ್ರದಲ್ಲಿ ಅಂಟಿನ ಜೊತೆ ಕಲಸಿ, ಹರಡಿ, ಕರಣೆಯಿಂದ ಸಮ ಮಾಡುವುದು. ಕಡಲೆಬೀಜಕ್ಕೆ ಬೆಲ್ಲದ ಪಾಕ ಹತ್ತಿಸಿ ಚಿಕ್ಕಿ ತಟ್ಟುತ್ತಾರಲ್ಲ, ಹಾಗೆ. ಪ್ರತಿ ಹರಳಿಗೂ ಅಂಟು ಹತ್ತಿರಬೇಕು, ನಡುವೆ ಸಂದೂ ಉಳಿದಿರಬೇಕು. ಆ ಸಂದಿನಿಂದಲೇ ಮಳೆನೀರು ಕೆಳಗಿಳಿಯುವುದು. ರೆಸಿನ್ ಬಾಂಡೆಡ್ ಬೇರೆ. ನೆಲಕ್ಕೆ ಅಂಟು ಬಳಿದು ಮೇಲೆ ಹರಳು ಉದುರಿಸುತ್ತಾರೆ. ಬೆಲೆ ಕಡಿಮೆ, ಆದರೆ ನೀರು ಇಳಿಯದು, ಹರಳೂ ಕಿತ್ತು ಬರುತ್ತದೆ. ಎರಡರಲ್ಲಿ ಯಾವುದೆಂದು ಕೊಟೇಶನ್‌ನಲ್ಲಿ ಬರೆಸಿಕೊ. ಕಾರು ನಿಲ್ಲುವ ಜಾಗಕ್ಕೆ 18 ಮಿಲಿಮೀಟರ್ ದಪ್ಪ, ಬಿಸಿಲಿಗೆ ಹಳದಿಯಾಗದ ಯುವಿ ರೆಸಿನ್ ಎಂಬುದೂ ಅದರಲ್ಲಿರಲಿ.

ಇನ್ನು ತಳ. ಬಿರುಕು ಬಿಟ್ಟ ಹಳೆಯ ಕಾಂಕ್ರೀಟಿನ ಮೇಲೆ ಹಾಕಿದರೆ ಅದೇ ಬಿರುಕು ಮೇಲಕ್ಕೂ ಬರುತ್ತದೆ. ಕಾಬಲ್‌ಲಾಕ್, ಅಂದರೆ ಜೋಡಿಸಿದ ಇಟ್ಟಿಗೆಗಲ್ಲು, ಇದ್ದರೆ ಕಿತ್ತು ತೆಗೆಯಬೇಕು. ಹೊಸದಾಗಿ ಮಾಡುವುದಾದರೆ ಅಗೆದು, ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ ನೀರು ಸೋರುವಂಥ ಟಾರ್‌ಮ್ಯಾಕ್ ಹಾಕಿ, ಆಮೇಲೆ ರೆಸಿನ್. ಇಲ್ಲಿನವರು 804 ಎನ್ನುವ ಜಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ಅದರಲ್ಲಿ ಕಲ್ಲುಪುಡಿ ಹೆಚ್ಚು, ನೀರು ಸುಲಭವಾಗಿ ಇಳಿಯದು. ಪುಡಿಯಿಲ್ಲದ ಜಲ್ಲಿ ಕೇಳು. ಅದು ಯಾವ ಕ್ವಾರಿಯದೆಂದೂ ಕೇಳು. ಡಬ್ಲಿನ್, ಮೀತ್ ಕಡೆ ಪೈರೈಟ್ ಎಂಬ ಖನಿಜ ಸೇರಿದ ಜಲ್ಲಿ ನೆಲದಡಿ ಉಬ್ಬಿ ಸಾವಿರಾರು ಮನೆಗಳು ಬಿರಿದಿದ್ದವು. 2013ರಲ್ಲಿ ಅದಕ್ಕೆಂದೇ ಕಾನೂನು ತರಬೇಕಾಯಿತು.

ನೀರಿನ ವಿಷಯ ಇಷ್ಟು ಹೇಳುವುದಕ್ಕೆ ಕಾರಣವಿದೆ. ಎರಡು ವಾಹನ ನಿಲ್ಲುವಷ್ಟು ಗಟ್ಟಿ ನೆಲಕ್ಕೆ ಪ್ಲಾನಿಂಗ್ ಅನುಮತಿ ಬೇಡ. ಆದರೆ ಅದು 25 ಚದರ ಮೀಟರ್ ಮುಟ್ಟಿದರೆ, ಇಲ್ಲವೇ ಮುಂದಿನ ತೋಟದ ಅರ್ಧ ದಾಟಿದರೆ, ಮಳೆನೀರು ಭೂಮಿಗೆ ಇಂಗುವಂತಿರಬೇಕು. ಕಾಂಕ್ರೀಟಿನ ಮೇಲೆ ಎಷ್ಟೇ ಒಳ್ಳೆಯ ರೆಸಿನ್ ಹಾಕಿದರೂ ನೀರು ಇಂಗುವುದಿಲ್ಲ. ಗೇಟು ಅಗಲ ಮಾಡುವುದಕ್ಕೆ, ಫುಟ್‌ಪಾತಿನ ಅಂಚು ತಗ್ಗಿಸುವುದಕ್ಕೆ ಕೌನ್ಸಿಲ್‌ನಿಂದ ಬೇರೆಯಾಗಿ ಒಪ್ಪಿಗೆ ಬೇಕು.

ಖರ್ಚು ಹೇಳುತ್ತೇನೆ. ಗಟ್ಟಿಯಾದ ತಳ ಈಗಾಗಲೇ ಇದ್ದರೆ ಚದರ ಮೀಟರಿಗೆ 60ರಿಂದ 90 ಯೂರೋ ಆಸುಪಾಸು. ಅಗೆದು ಹೊಸ ತಳ ಹಾಕಿಸಿದರೆ 100 ದಾಟುತ್ತದೆ. ಅಂದರೆ 50 ಚದರ ಮೀಟರಿನ ಜಾಗಕ್ಕೆ 5,000 ಯೂರೋ ಮೀರಿತೆಂದು ಇಟ್ಟುಕೊ. ಜಾಗ ಚಿಕ್ಕದಾದಷ್ಟೂ ಮೀಟರಿನ ದರ ಏರುತ್ತದೆ. ಮೂರು ಕಡೆ ವಿಚಾರಿಸು. 13.5% ವ್ಯಾಟ್ ಸೇರಿದೆಯೋ ಇಲ್ಲವೋ, ಅಗೆದ ಮಣ್ಣು ಸಾಗಿಸುವ ಖರ್ಚು ಯಾರದು, ಮ್ಯಾನ್‌ಹೋಲ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ಏರಿಸುತ್ತಾರೋ, ಇವನ್ನೆಲ್ಲ ಕೇಳಿಯೇ ದರ ಹೋಲಿಸು.

ಗೃಹಪ್ರವೇಶದ ದಿನಕ್ಕೆ ಮುಗಿಯಲೇಬೇಕೆಂದು ಕೆಲಸದವರನ್ನು ಅವಸರಪಡಿಸಬೇಡ. ರೆಸಿನ್ ಅಂಟಿಗೆ ಹಸಿಯಿರುವಾಗ ನೀರು ತಗುಲಿದರೆ ನೊರೆಯೆದ್ದು ಬೆಳ್ಳಗಾಗುತ್ತದೆ. 5 ಡಿಗ್ರಿಗಿಂತ ಕೆಳಗೆ ಸರಿಯಾಗಿ ಗಟ್ಟಿಯಾಗದು. ಐರ್ಲೆಂಡಿನ ಮಳೆ ನಿನಗೇ ಗೊತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊ. ಮೋಡ ಕಂಡು ಕೆಲಸ ಮುಂದೂಡಿದವನ ಮೇಲೆ ನನಗೆ ನಂಬಿಕೆ ಹೆಚ್ಚು. ಮುಗಿದ ಮೇಲೂ ಕನಿಷ್ಠ ಒಂದು ದಿನ ಕಾರು ಹತ್ತಿಸಬೇಡ, ಚಳಿಯಿದ್ದರೆ ಇನ್ನೂ ಕಾಯಿ.

ಬಾಗಿಲು ತಟ್ಟಿ, "ಪಕ್ಕದ ಬೀದಿಯಲ್ಲಿ ಮಾಲು ಮಿಕ್ಕಿದೆ, ಇವತ್ತೇ ಆದರೆ ಅರ್ಧ ಬೆಲೆ, ನಗದು ಕೊಡಿ" ಎನ್ನುವವರು ಬರುತ್ತಾರೆ. ಗಾರ್ಡಾ ಪೊಲೀಸರು ಇವರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಬಾಗಿಲಲ್ಲಿ ಆದ ಒಪ್ಪಂದವನ್ನು 14 ದಿನಗಳೊಳಗೆ ರದ್ದು ಮಾಡುವ ಹಕ್ಕು ಕಾನೂನಿನಲ್ಲಿದೆ. ಆದರೆ ವಿಳಾಸವೇ ಇಲ್ಲದವನನ್ನು ಎಲ್ಲಿ ಹುಡುಕುತ್ತೀಯ? ಸಣ್ಣ ಮೊತ್ತದ ದಾವೆಗಿರುವ ಸ್ಮಾಲ್ ಕ್ಲೇಮ್ಸ್ ದಾರಿ 2,000 ಯೂರೋವರೆಗೆ ಮಾತ್ರ, ನಿನ್ನ ಕೆಲಸ ಅದನ್ನು ಮೀರುತ್ತದೆ. ಅದಕ್ಕೇ ಮೊದಲೇ ಬರೆಸಿಕೊ: ಕೊನೆಯ ಕಂತು ಒಂದು ಜೋರು ಮಳೆ ಬಂದು ನೀರು ಎಲ್ಲೂ ನಿಲ್ಲದ್ದನ್ನು ನೋಡಿದ ಮೇಲೆ. ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಇನ್ನೊಂದು, ಹೊಸ್ತಿಲ ಮುಂದೆ ಒಂದು ಹಾಸುಗಲ್ಲಿಗೆ ಜಾಗ ಬಿಡಿಸಿಕೊ. ರೆಸಿನ್ ಮೇಲೆ ರಂಗೋಲಿ ಪುಡಿ ಸಂದಿಗೆ ಇಳಿದು ಕೂರುತ್ತದೆ, ದೀಪದ ಎಣ್ಣೆಯ ಕಲೆಯೂ ಸುಲಭಕ್ಕೆ ಹೋಗದು. ಕೊಟೇಶನ್‌ಗಳು ಕೈಗೆ ಬಂದಾಗ ಸಹಿ ಹಾಕುವ ಮೊದಲು ನನಗೂ ಕಳಿಸು, ಇಬ್ಬರೂ ಕೂತು ಓದೋಣ.