ಗಾಲಿಗಳ ಮೇಲಿನ ಮನೆ

ಮಾನವನು ಮನೆಯನ್ನು ಕಟ್ಟಿಕೊಂಡು ಒಂದೆಡೆ ನೆಲೆಸಿದುದು ನಾಗರಿಕತೆಯ ಇತಿಹಾಸದಲ್ಲಿ ಬಹು ದೊಡ್ಡ ಘಟನೆ. ಆದರೂ ಸಂಸಾರವನ್ನೇ ಜೊತೆಯಲ್ಲಿ ಕೊಂಡೊಯ್ಯುವ ಬಾಳು ಸಂಪೂರ್ಣವಾಗಿ ಅಳಿದುಹೋಗಲಿಲ್ಲ. ಕನ್ನಡ ನಾಡಿನಲ್ಲಿಯೇ ಹಿಂದೆ ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು, ಹೆಂಡಿರು ಮಕ್ಕಳೊಡನೆ ನಾಡಿನಿಂದ ನಾಡಿಗೆ ಸಾಗುತ್ತಿದ್ದರು. ಉತ್ತರ ಕರ್ನಾಟಕದ ಕುರಿಗಾಹಿಗಳು ಇಂದಿಗೂ ಮೇವನ್ನು ಅರಸುತ್ತ, ಪಾತ್ರೆ ಪಡಗಗಳನ್ನು ಕುದುರೆಗಳ ಮೇಲೆ ಹೇರಿಕೊಂಡು, ತಿಂಗಳುಗಟ್ಟಲೆ ಅಲೆಯುತ್ತಾರೆ. ಯಂತ್ರಯುಗವು ಈ ಹಳೆಯ ಪದ್ಧತಿಗೆ ಹೊಸದೊಂದು ರೂಪವನ್ನು ನೀಡಿದೆ. ಅದೇ ಮೋಟಾರು ಮನೆ.

ಹೊರಗಿನಿಂದ ನೋಡಿದರೆ ಇದು ಬಸ್ಸಿನಂತೆಯೇ ಕಾಣುತ್ತದೆ. ಒಳಗೆ ಹೊಕ್ಕರೆ ಮಲಗಲು ಹಾಸಿಗೆ, ಅಡುಗೆಗೆ ಗ್ಯಾಸಿನ ಒಲೆ, ಕೈತೊಳೆಯುವ ತೊಟ್ಟಿ, ಪುಟ್ಟದೊಂದು ಶೌಚಗೃಹ ಎಲ್ಲವೂ ಇರುತ್ತವೆ. ಹಗಲಿನ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು ಮಾಡಿನ ಮೇಲಿರುತ್ತವೆ. ಆ ವಿದ್ಯುತ್ತು ಬ್ಯಾಟರಿಗಳಲ್ಲಿ ಸಂಗ್ರಹವಾಗಿ ರಾತ್ರಿಯ ದೀಪಕ್ಕೆ ಒದಗುತ್ತದೆ. ವಾಹನದ ತಳಭಾಗದಲ್ಲಿ ಮುಖ್ಯವಾಗಿ ಎರಡು ತೊಟ್ಟಿಗಳಿರುತ್ತವೆ. ಒಂದರಲ್ಲಿ ಶುದ್ಧವಾದ ನೀರು. ಮತ್ತೊಂದರಲ್ಲಿ ಬಳಸಿ ಉಳಿದ ಕೊಳೆನೀರು. ಶೌಚದ ಮಲಿನವನ್ನು ಹಿಡಿದಿಡುವ ಮುಚ್ಚಿದ ಪೆಟ್ಟಿಗೆ ಬೇರೆಯೇ ಇರುತ್ತದೆ. ಭಾರತದಲ್ಲಿಯೂ ಈ ಬಗೆಯ ಪ್ರವಾಸವು ಪ್ರಾರಂಭವಾಗಿದೆ. ಕೇರಳ ಸರ್ಕಾರವು 2021ರಲ್ಲಿ ಇದಕ್ಕೆಂದೇ ಒಂದು ಯೋಜನೆಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಇಂತಹ ವಾಹನಗಳು ಬಾಡಿಗೆಗೆ ದೊರೆಯುತ್ತವೆ.

ಆದರೆ ಕೆಂಗೇರಿಯಿಂದ ಮೈಸೂರಿನ ಹಳೆಯ ರಸ್ತೆಯಲ್ಲಿ ಹೊರಟವರಿಗೆ ಈ ಮನೆಯ ನಿಜವಾದ ಸ್ವರೂಪ ತಿಳಿಯಲಾರದು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಊರಿನ ಹಿಂದೆ ಊರು ಬರುತ್ತದೆ. ನೀರು ಮುಗಿದರೆ ನಲ್ಲಿಯುಂಟು, ಹಸಿವಾದರೆ ಹೋಟೆಲುಂಟು. ಗಾಲಿಗಳ ಮೇಲಿನ ಮನೆಯನ್ನು ಒರೆಗೆ ಹಚ್ಚಬೇಕಾದರೆ ಊರೂ ಇಲ್ಲದ, ನೀರೂ ಇಲ್ಲದ ದಾರಿಯೇ ಬೇಕು. ಆಸ್ಟ್ರೇಲಿಯದ ನಲ್ಲಾರ್ಬರ್ ಬಯಲಿನ ದಾರಿ ಅಂತಹುದು.

ಆಸ್ಟ್ರೇಲಿಯ ಖಂಡದ ದಕ್ಷಿಣ ಅಂಚಿನಲ್ಲಿ, ಸಮುದ್ರಕ್ಕೂ ಮರುಭೂಮಿಗೂ ನಡುವೆ, ಸುಮಾರು 2 ಲಕ್ಷ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿ ಈ ಬಯಲು ಹರಡಿದೆ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ ‘ಮರವಿಲ್ಲದುದು’ ಎಂದು ಅರ್ಥ. ಹೆಸರಿಗೆ ತಕ್ಕಂತೆ ಬಯಲಿನ ಬಹುಭಾಗದಲ್ಲಿ ಮೊಣಕಾಲೆತ್ತರದ ಪೊದೆಗಳ ಹೊರತು ಬೇರೇನೂ ಕಾಣದು. ಇಡೀ ನೆಲವೇ ಸುಣ್ಣಕಲ್ಲಿನ ಹಾಸು. ಬಿದ್ದ ಅಲ್ಪಸ್ವಲ್ಪ ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಳಿದು ನೆಲದಡಿಯ ಗುಹೆಗಳನ್ನು ಸೇರುತ್ತದೆ. ಆದುದರಿಂದ ಇಲ್ಲಿ ಹರಿಯುವ ನದಿಯೊಂದೂ ಇಲ್ಲ.

1841ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಆಂಗ್ಲ ಸಾಹಸಿಯು ಈ ಕರಾವಳಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದನು. ದಾರಿಯಲ್ಲಿ ಅವನ ಮೇಲ್ವಿಚಾರಕನಾದ ಬ್ಯಾಕ್ಸ್ಟರನು ಕೊಲೆಗೀಡಾದನು. ಕೊನೆಯವರೆಗೆ ಐರನ ಜೊತೆಯಲ್ಲಿ ಉಳಿದವನು ವೈಲಿ ಎಂಬ ಮೂಲನಿವಾಸಿ ತರುಣ. ಮರಳ ದಿಬ್ಬಗಳಲ್ಲಿ ಎಲ್ಲಿ ತೋಡಿದರೆ ನೀರು ಸಿಕ್ಕೀತೆಂಬುದನ್ನು ಆ ಪ್ರದೇಶದ ಮೂಲನಿವಾಸಿಗಳು ಬಲ್ಲವರಾಗಿದ್ದರು. ಅವರು ತಿಳಿಸಿದ ಒರತೆಗಳೇ ಪಯಣಿಗರ ಪ್ರಾಣವನ್ನು ಉಳಿಸಿದವು. ಒರತೆ ಸಿಕ್ಕದ ಕಡೆ ಐರನು ಬೆಳಗಿನ ಜಾವದಲ್ಲಿ ಎಲೆಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಿಂದ ಒತ್ತಿ ತೆಗೆದು ಪಾತ್ರೆಯಲ್ಲಿ ಹಿಂಡಿಕೊಂಡನು. ತಿಂಗಳುಗಳ ಸಂಕಟದ ಬಳಿಕ ಜುಲೈ ತಿಂಗಳಿನಲ್ಲಿ ಅವರಿಬ್ಬರೂ ಆಲ್ಬನಿ ಎಂಬ ಊರನ್ನು ಮುಟ್ಟಿದರು.

ಇಂದು ಆ ಬಯಲಿನಲ್ಲಿ ಐರನ ಹೆಸರನ್ನೇ ಹೊತ್ತ ಹೆದ್ದಾರಿಯಿದೆ. 1976ರಲ್ಲಿ ಅದಕ್ಕೆ ಪೂರ್ತಿಯಾಗಿ ಡಾಂಬರು ಹಾಕಲಾಯಿತು. ಅಂತಹ ಹೆದ್ದಾರಿಯಲ್ಲಿಯೂ ಒಂದು ತಂಗುದಾಣಕ್ಕೂ ಮತ್ತೊಂದಕ್ಕೂ ನಡುವೆ ಕೆಲವೆಡೆ 180 ಕಿಲೋಮೀಟರುಗಳಿಗೂ ಹೆಚ್ಚಿನ ಅಂತರವಿದೆ. ನಲ್ಲಾರ್ಬರ್ ತಂಗುದಾಣದಿಂದ ಕೈಗುನ ತಂಗುದಾಣಕ್ಕೆ ಸುಮಾರು 530 ಕಿಲೋಮೀಟರು. ಮೋಟಾರು ಮನೆಗೆ ಇದು ದೀರ್ಘವಾದ ಒಂದು ದಿನದ ಪಯಣ.

ಚಳಿಗಾಲದ ಬೆಳಗಿನಲ್ಲಿ ಹೊರಡುವ ಪಯಣಿಗನು ಮೊದಲು ತೊಟ್ಟಿಯ ನೀರನ್ನೂ ಇಂಧನವನ್ನೂ ನೋಡಿಕೊಳ್ಳಬೇಕು. ತಂಗುದಾಣಗಳಲ್ಲಿ ಇಂಧನವು ದೊರೆತರೂ ಕುಡಿಯುವ ನೀರು ಯಥೇಚ್ಛವಾಗಿ ದೊರೆಯದು. ಹೊರಟ ಕೆಲಹೊತ್ತಿನಲ್ಲಿಯೇ ಎಡಗಡೆ ಸಮುದ್ರವು ಕಾಣಿಸಿಕೊಳ್ಳುತ್ತದೆ. ಬಯಲು ಇಲ್ಲಿ ಕತ್ತರಿಸಿದಂತೆ ಕೊನೆಗೊಂಡು, 60 ಮೀಟರಿಗೂ ಮೀರಿದ ಬಂಡೆಗಳು ನೆಟ್ಟಗೆ ಕಡಲಿಗೆ ಇಳಿದಿವೆ. ಚಳಿಗಾಲದಲ್ಲಿ ಈ ಕಡಲಿಗೆ ತಿಮಿಂಗಿಲಗಳು ಮರಿಹಾಕಲು ಬರುತ್ತವೆ. ಬಲಗಡೆಯಾದರೋ, ಕಣ್ಣು ಹಾಯುವವರೆಗೂ ಒಂದೇ ಸಮನಾದ ಬೂದುಹಸಿರು. ಒಂಟೆ, ಕಾಂಗರೂಗಳ ಚಿತ್ರವಿರುವ ಎಚ್ಚರಿಕೆಯ ಫಲಕಗಳು ಆಗಾಗ ಎದುರಾಗುತ್ತವೆ. ಕೆಲವೆಡೆ ರಸ್ತೆಯ ಮೇಲೆಯೇ ಬಿಳಿಯ ಪಟ್ಟೆಗಳನ್ನು ಬಳಿದಿರುವುದನ್ನು ಕಾಣಬಹುದು. ಆಸ್ಪತ್ರೆಗಳು ನೂರಾರು ಕಿಲೋಮೀಟರು ದೂರವಿರುವ ಈ ಪ್ರದೇಶದಲ್ಲಿ, ರೋಗಿಗಳನ್ನು ಕರೆದೊಯ್ಯುವ ವೈದ್ಯರ ವಿಮಾನವು ಬಂದಿಳಿಯುವ ಸ್ಥಳಗಳೇ ಅವು.

ಮಧ್ಯಾಹ್ನದ ಹೊತ್ತಿಗೆ ಎರಡು ರಾಜ್ಯಗಳ ಗಡಿಯು ಬರುತ್ತದೆ. ಪಶ್ಚಿಮದ ರಾಜ್ಯದ ಬೆಳೆಗಳಿಗೆ ಕೀಟವಾಗಲಿ ರೋಗವಾಗಲಿ ತಗಲಬಾರದೆಂದು, ಅಲ್ಲಿಯ ಅಧಿಕಾರಿಗಳು ವಾಹನದೊಳಗಿನ ಹಣ್ಣುತರಕಾರಿಗಳನ್ನು ತಪಾಸಣೆಮಾಡಿ ತೆಗೆದಿರಿಸಿಕೊಳ್ಳುತ್ತಾರೆ. ಗಡಿಯಾಚೆಯ ಕೆಲವೇ ಊರುಗಳು ತಮ್ಮದೇ ಆದ ಕಾಲಮಾನವನ್ನು ಅನುಸರಿಸುವುದರಿಂದ, ಚಳಿಗಾಲದಲ್ಲಿ ಕೈಗಡಿಯಾರವನ್ನು 45 ನಿಮಿಷ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಮುಂದೆ ಯೂಕ್ಲ ಎಂಬ ಸಣ್ಣ ಊರು. 1877ರಲ್ಲಿ ಅಲ್ಲಿ ತೆರೆದ ತಂತಿ ಕಚೇರಿಯ ಗೋಡೆಗಳು ಇಂದು ಮರಳಿನಲ್ಲಿ ಅರ್ಧ ಹೂತು ನಿಂತಿವೆ. ರಸ್ತೆಯು ಇಲ್ಲಿಂದ ಕೆಳಗಿನ ಮೈದಾನಕ್ಕೆ ಇಳಿದು, ಮಡುರ ಎಂಬಲ್ಲಿ ಮತ್ತೆ ಮೇಲೇರುತ್ತದೆ.

ಸಂಜೆಯಾಗುತ್ತಿದ್ದಂತೆ ಕಾಂಗರೂಗಳು ಮೇಯಲು ಹೊರಬರುತ್ತವೆ. ಅವು ಹಠಾತ್ತನೆ ರಸ್ತೆಗೆ ಹಾರುವ ಕಾರಣ, ಅರಿತವರು ಕತ್ತಲಾಗುವ ಮುನ್ನವೇ ಪಯಣವನ್ನು ನಿಲ್ಲಿಸುತ್ತಾರೆ. ಮರುದಿನ ಅವರ ಪಾಲಿಗೆ ಕೈಗುನದ ಆಚೆಗೆ, ಒಂದು ತಿರುವೂ ಇಲ್ಲದ 146.6 ಕಿಲೋಮೀಟರುಗಳ ನೇರ ರಸ್ತೆ ಕಾದಿರುತ್ತದೆ. ಕೆಂಗೇರಿಯಿಂದ ಮೈಸೂರಿಗಿರುವ ದೂರಕ್ಕಿಂತಲೂ ಅದು ಹೆಚ್ಚು.

ವಾಹನವು ನಿಂತ ಮೇಲೆ ದಿನದ ಲೆಕ್ಕ ಪ್ರಾರಂಭವಾಗುತ್ತದೆ. ಸಾಧಾರಣವಾದ ಮೋಟಾರು ಮನೆಯ ತೊಟ್ಟಿಯು ಸುಮಾರು 100 ಲೀಟರು ನೀರನ್ನು ಹಿಡಿಯುತ್ತದೆ. ನಾಲ್ವರ ಕುಡಿಯುವಿಕೆ, ಅಡುಗೆ, ಪಾತ್ರೆ ತೊಳೆಯುವಿಕೆ ಎಲ್ಲವೂ ಅದರಲ್ಲಿಯೇ ಆಗಬೇಕು. ತರಕಾರಿ ತೊಳೆದ ನೀರು ಪಾತ್ರೆ ನೆನೆಯಿಡಲು ಸಲ್ಲುತ್ತದೆ. ಮೈತೊಳೆಯಲು ಒದ್ದೆಯ ಬಟ್ಟೆಯೇ ಸಾಕೆನಿಸುತ್ತದೆ. ಒಂದು ತೊಟ್ಟಿಯಲ್ಲಿ ನೀರು ಇಳಿದಷ್ಟೂ ಮತ್ತೊಂದರಲ್ಲಿ ಕೊಳೆನೀರು ಏರುತ್ತದೆ. ಆ ಕೊಳೆಯನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಚೆಲ್ಲಿದರೆ ಅದು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ನೆಲದಡಿಯ ನೀರನ್ನು ಕೆಡಿಸೀತು. ಅದಕ್ಕೆಂದೇ ನಿರ್ಮಿಸಿದ ಸ್ಥಳವು ಸಿಗುವವರೆಗೆ, ಪಯಣಿಗನು ತಾನು ಮಾಡಿದ ಕೊಳೆಯನ್ನು ತಾನೇ ಹೊತ್ತು ಸಾಗಬೇಕು.

ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಭದ್ರವಾದ ತಳಹದಿಯ ಮೇಲೆ ನಿಂತ ಮನೆಗೆ ಈ ಲೆಕ್ಕವು ಅನ್ವಯಿಸುವುದಿಲ್ಲವೆಂದು ತೋರಬಹುದು. ನಗರವಾಸಿಗೆ ದಿನವೊಂದಕ್ಕೆ 135 ಲೀಟರು ನೀರು ಬೇಕೆಂಬುದು ಭಾರತದಲ್ಲಿ ಬಳಕೆಯಲ್ಲಿರುವ ಒಂದು ಮಾನದಂಡ. ಅದರಂತೆ ನಾಲ್ವರ ಸಂಸಾರಕ್ಕೆ 540 ಲೀಟರು. ಮೋಟಾರು ಮನೆಯ ತೊಟ್ಟಿಯ ಐದು ಪಟ್ಟಿಗಿಂತಲೂ ಅಧಿಕ. ಈ ನೀರು ನಲ್ಲಿಯಲ್ಲಿ ಹುಟ್ಟುವುದಿಲ್ಲ. ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಾಗಿ ಪಂಪುಮಾಡಿ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ನಗರಕ್ಕೆ ತರಲಾಗುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಬೆಂಗಳೂರಿನ ಅನೇಕ ಬಡಾವಣೆಗಳ ಜನರು ಟ್ಯಾಂಕರಿನ ದಾರಿಯನ್ನು ಕಾಯುತ್ತ, ಕೊಡಗಳನ್ನು ಎಣಿಸುತ್ತ ದಿನ ಕಳೆಯಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತವು ಉದ್ಘಾಟನೆಯಾಯಿತು. ಆದರೆ ನದಿಯೂ ಒಂದು ತೊಟ್ಟಿಯೇ. ಅದು ದೊಡ್ಡದಾದ ಕಾರಣ ಅದರ ತಳವು ನಮ್ಮ ಕಣ್ಣಿಗೆ ಕಾಣದು.

ನಗರದ ಎರಡನೆಯ ತೊಟ್ಟಿ ಯಾವುದು? ಪಶ್ಚಿಮ ಬೆಂಗಳೂರಿನ ಪಾಲಿಗೆ ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವುದೆಂದು ಪ್ರತೀತಿಯುಳ್ಳ ಈ ನದಿಯು ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯೊಡನೆ ಕೂಡುತ್ತದೆ. ಶುದ್ಧೀಕರಣದ ಘಟಕಗಳಿದ್ದರೂ, ಮನೆಗಳ ಮತ್ತು ಕಾರ್ಖಾನೆಗಳ ಕೊಳೆನೀರು ಸೇರಿ ಈ ನದಿಯು ಕಪ್ಪಗೆ ನೊರೆಗಟ್ಟಿ ಹರಿಯುತ್ತಿದೆ. ಕಾವೇರಿಯಿಂದ ಮೇಲೇರಿ ಬಂದ ನೀರೇ ಮನೆಮನೆಗಳನ್ನು ಹೊಕ್ಕು, ಮಲಿನವಾಗಿ, ಕೆಳಗಿನ ಊರುಗಳ ಹೊಲಗದ್ದೆಗಳನ್ನು ಹಾದು ಕಾವೇರಿಗೆ ಹಿಂದಿರುಗುತ್ತಿದೆ. ಬಚ್ಚಲಿನ ಕಂಡಿಯಲ್ಲಿ ಮಾಯವಾದುದು ಲೋಕದಿಂದ ಮಾಯವಾಗುವುದಿಲ್ಲ. ಅದು ಬೇರೊಬ್ಬರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಮೋಟಾರು ಮನೆಯ ವಾಸವು ಸುಖಕ್ಕಿಂತ ಹೆಚ್ಚಾಗಿ ವಿವೇಕವನ್ನು ಕಲಿಸುತ್ತದೆ. ಎರಡು ತೊಟ್ಟಿಗಳೂ ಕಾಲ ಕೆಳಗೇ ಇರುವ ಕಾರಣ, ಆ ಮನೆಯಲ್ಲಿರುವವನು ಎಷ್ಟು ತೆಗೆದುಕೊಂಡೆ, ಎಷ್ಟು ಕೆಡಿಸಿದೆ ಎಂಬುದನ್ನು ಮರೆಯಲಾರನು. ನೆಲದ ಮೇಲೆ ನೆಲೆಸಿದವನಿಗೆ ಒಂದು ತೊಟ್ಟಿ 100 ಕಿಲೋಮೀಟರು ದೂರದಲ್ಲಿದೆ. ಮತ್ತೊಂದು ಕೆಂಗೇರಿಯ ಸೇತುವೆಯ ಕೆಳಗೆ ಹರಿಯುತ್ತಿದೆ. ದೂರದಲ್ಲಿರುವುದರಿಂದ ಅವು ಅವನವಲ್ಲವೆಂದು ಹೇಳಲಾಗದು. ನಲ್ಲಿಯನ್ನು ತಿರುಗಿಸುವ ಕೈ ಈ ಎರಡನ್ನೂ ನೆನೆದರೆ, ಅಷ್ಟರ ಮಟ್ಟಿಗೆ ಕಾವೇರಿಯೂ ಉಳಿದೀತು, ವೃಷಭಾವತಿಯೂ ತಿಳಿಯಾದೀತು.