ಟೊಮೆಟೊ ಒಣಗಿಸುತ್ತ ಕಲಿತ ಪಾಠಗಳು

ಹಿತ್ತಲಲ್ಲಿ ನಾಲ್ಕು ಗಿಡ ಹಾಕಿದವರಿಗೆಲ್ಲ ಇದು ಗೊತ್ತು: ಟೊಮೆಟೊ ಬಂದರೆ ಒಟ್ಟೊಟ್ಟಿಗೆ ಬರುತ್ತದೆ. ಅಕ್ಕಪಕ್ಕದವರಿಗೆ, ನೆಂಟರಿಷ್ಟರಿಗೆ ಕೊಟ್ಟ ಮೇಲೂ ಬುಟ್ಟಿ ಖಾಲಿಯಾಗುವುದಿಲ್ಲ. ಬೆಲೆಯದೂ ಅದೇ ಕಥೆ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಅದೇ ಸೀಮೆಯಲ್ಲಿ ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ನಮ್ಮ ಮನೆಯ ಮಟ್ಟಿಗಾದರೂ ಅಗ್ಗದ ಕಾಲದ ಹಣ್ಣನ್ನು ದುಬಾರಿ ಕಾಲಕ್ಕೆ ಎತ್ತಿಡೋಣ ಎಂದುಕೊಂಡು ಒಣಗಿಸಲು ಶುರುಮಾಡಿದೆ. ಯಾರ ಬಳಿಯೂ ಹೋಗಿ ಕಲಿತದ್ದಲ್ಲ. ಬಹುಪಾಲು ಕೆಡಿಸಿಯೇ ಕಲಿತದ್ದು. ಆದ ನಷ್ಟದಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಿಸಿಲು ನೋಡುವ ಮೊದಲು ತಿಂಗಳು ನೋಡಿ.

ನನಗೆ ಮೊದಲು ಸಿಕ್ಕಿದ್ದು ಇಟಲಿಯ ವಿಧಾನ. ಹಣ್ಣನ್ನು ಎರಡು ಹೋಳು ಮಾಡಿ, ಉಪ್ಪು ಉದುರಿಸಿ, ಆಗಸ್ಟಿನ ಬಿಸಿಲಿಗೆ ಹರವಬೇಕು ಎಂದಿತ್ತು. ನಾನೂ ಆಗಸ್ಟಿನಲ್ಲೇ ಹರವಿದೆ. ಮಧ್ಯಾಹ್ನ ಚುರುಕು ಬಿಸಿಲೇ ಇತ್ತು, ಆದರೆ ಗಾಳಿಯಲ್ಲಿ ಮಳೆಗಾಲದ ಥಂಡಿ. ಹೋಳಿನ ಬೀಜದ ಸಂದಿಯಲ್ಲಿ ಮೊದಲು ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಕಾಣಿಸಿತು, ಮಾರನೆಯ ದಿನ ಅದು ಹಸಿರಾಯಿತು. ದಕ್ಷಿಣ ಇಟಲಿಯಲ್ಲಿ ಬೇಸಿಗೆಯೆಂದರೆ ಮಳೆ ಅಪರೂಪವಾದ ಕಾಲ. ಅವರ ಜುಲೈ, ಆಗಸ್ಟ್ ಒಣ ತಿಂಗಳುಗಳು. ನಮ್ಮ ಬಯಲುಸೀಮೆಯಲ್ಲಿ ಅಂಥ ಒಣಹವೆ ಇರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹಪ್ಪಳ, ಸಂಡಿಗೆ, ಬಾಳಕ ಮಾಳಿಗೆ ಏರುವುದೂ ಆಗಲೇ. ನಮ್ಮ ಹೆಂಗಸರಿಗೆ ಎಂದಿನಿಂದಲೋ ಗೊತ್ತಿದ್ದ ಕಾಲವನ್ನು ಬಿಟ್ಟು ಬೇರೆ ದೇಶದ ತಿಂಗಳನ್ನು ಹಿಡಿದದ್ದೇ ನನ್ನ ತಪ್ಪು.

2. ಸಾರಿಗೆ ಹೇಳಿ ಮಾಡಿಸಿದ ಹಣ್ಣು ಒಣಗಿಸಲು ಆಗಿಬರುವುದಿಲ್ಲ.

ನಾಟಿ ಟೊಮೆಟೊದ ಹುಳಿ ನನಗೆ ಇಷ್ಟ. ಹಾಗಾಗಿ ಅದನ್ನೇ ಒಣಗಿಸಿದೆ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಸಿಪ್ಪೆ ಮತ್ತು ಬೀಜ. ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಭಾಗ ನೀರೇ. ನಾಟಿ ಹಣ್ಣಿನಲ್ಲಿ ರಸ ತುಂಬಿದ ಕೋಣೆಗಳು ಹೆಚ್ಚು, ಗೋಡೆ ತೆಳು. ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ: ಎರಡು ಮೂರು ಕೋಣೆ, ಸುತ್ತ ದಪ್ಪ ತಿರುಳು ಇದ್ದರೆ ಅದು ಒಣಗಿಸುವ ಹಣ್ಣು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ಗಟ್ಟಿ ಹಣ್ಣುಗಳು ಇದಕ್ಕೆ ಒಗ್ಗುತ್ತವೆ. ಈಗ ಹಿತ್ತಲಲ್ಲಿ ಎರಡೂ ಬಗೆ ಇವೆ. ನಾಟಿ ಅಡುಗೆಗೆ, ಗಟ್ಟಿ ಹಣ್ಣು ಮಾಳಿಗೆಗೆ.

3. ಕೊಳೆಯುತ್ತಿರುವುದನ್ನು ಉಳಿಸಲು ಹೋಗಬೇಡಿ.

ಏನೂ ದಂಡವಾಗಬಾರದು ಎಂಬ ಹಟದಲ್ಲಿ ಬಿರುಕು ಬಿಟ್ಟ, ಮೆತ್ತಗಾದ, ಕಾಯಿಕೊರಕ ತೂತು ಮಾಡಿದ ಹಣ್ಣುಗಳನ್ನೆಲ್ಲ ಆ ಭಾಗವಷ್ಟೇ ಕತ್ತರಿಸಿ ತಟ್ಟೆಗೆ ಸೇರಿಸುತ್ತಿದ್ದೆ. ಅಂಥ ಒಂದು ಹೋಳಿನಿಂದ ಹುಳಿತ ವಾಸನೆ ಶುರುವಾಗಿ ಇಡೀ ತಟ್ಟೆ ಹೋಯಿತು. ಮೆತ್ತನೆ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹರಡಿರುತ್ತದೆ. ಮೇಲೆ ಕೆತ್ತಿ ತೆಗೆದರೆ ಸಾಲದು. ಚೆನ್ನಾಗಿ ಕೆಂಪಾದ, ಒತ್ತಿದರೆ ಗಟ್ಟಿಯಾಗಿರುವ ಹಣ್ಣನ್ನು ತೊಳೆದು, ಒರೆಸಿ, ಆಮೇಲೆ ಕೊಯ್ಯಿರಿ. ಕೊಳೆತದ್ದು ಗೊಬ್ಬರದ ಗುಂಡಿಗೆ ಹೋಗಲಿ, ಅಲ್ಲಿ ಅದು ದಂಡವಾಗುವುದಿಲ್ಲ.

4. ಉಪ್ಪು ಹಾಕುವಾಗ ಒಣಗಿದ ತೂಕ ನೆನಪಿರಲಿ.

ಉಪ್ಪು ಹೋಳಿನ ನೀರನ್ನು ಹೊರಗೆಳೆಯುತ್ತದೆ, ನೊಣ, ಬೂಷ್ಟನ್ನೂ ಒಂದಿಷ್ಟು ತಡೆಯುತ್ತದೆ. ಹಾಗಾದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದು ನಾನು ಕೈತುಂಬ ಉದುರಿಸಿದೆ. ಒಂದು ಕೆಜಿ ಹಣ್ಣು ಒಣಗಿದ ಮೇಲೆ ಸುಮಾರು 60 ಗ್ರಾಂ ಆಗುತ್ತದೆ. ನೀರು ಆರಿಹೋದರೂ ಉಪ್ಪು ಅಲ್ಲೇ ಕೂತಿರುತ್ತದೆ. ಹಾಗೆ ಒಣಗಿಸಿದ್ದನ್ನು ಬಾಯಿಗಿಡಲು ಆಗಲಿಲ್ಲ. ಅದೂ ಅಲ್ಲದೆ, ಉಪ್ಪು ಹೆಚ್ಚಾದ ಹೋಳು ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಜಿನುಗುತ್ತದೆ. ಈಗ ಕೆಜಿಗೆ ಒಂದು ಚಿಕ್ಕ ಚಮಚ ಪುಡಿಯುಪ್ಪು. ಉಪ್ಪು ಸವರಿ, ಅರ್ಧ ಗಂಟೆ ಜರಡಿಯಲ್ಲಿ ಬೋರಲು ಹಾಕಿದರೆ ಸಾಕಷ್ಟು ರಸ ಇಳಿಯುತ್ತದೆ. ಆ ರಸವನ್ನು ಚೆಲ್ಲದೆ ಅಂದಿನ ಸಾರಿಗೆ ಹಾಕುತ್ತೇನೆ. ಸಾರಿಗೆ ಉಪ್ಪು ಹಾಕುವಾಗ ಅದನ್ನು ಲೆಕ್ಕಕ್ಕೆ ಹಿಡಿದರಾಯಿತು.

5. ಮೇಲೆ ಬಿಸಿಲು, ಕೆಳಗೆ ಗಾಳಿ.

ಸ್ಟೀಲ್ ತಟ್ಟೆಯಲ್ಲಿ ಹರವಿದಾಗ ಹೋಳಿನ ಮೇಲ್ಭಾಗ ಒಣಗಿತು, ತಳ ಬೆವೆತು ನೀರು ನಿಂತಿತು. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ; ಹುಳಿ ತಾಗಿ ಲೋಹದ ರುಚಿ ಇಳಿಯುತ್ತದೆ. ಹಳೆಯ ಪಂಚೆಯ ಮೇಲೆ ಹಾಕಿದೆ, ಸಂಡಿಗೆಗೆ ಮಾಡುವ ಹಾಗೆ. ಸಂಡಿಗೆಯಾದರೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಬಹುದು. ಟೊಮೆಟೊದ ಅಂಟು ಬಟ್ಟೆಯ ಎಳೆಗಳನ್ನೇ ಕಿತ್ತುಕೊಂಡು ಬಂತು. ಈಗ ಮರದ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದು, ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿದ್ದೇನೆ. ಸಿಪ್ಪೆ ಕೆಳಗೆ, ಕೊಯ್ದ ಮೈ ಮೇಲೆ, ಒಂದಕ್ಕೊಂದು ತಾಗದಂತೆ. ಮೇಲೆ ಸೊಳ್ಳೆಪರದೆಯ ತುಂಡು. ಮೇಲ್ಮೈ ಆರಿದ ಮೇಲೆ ಮಗುಚಿ ಹಾಕುತ್ತೇನೆ. ಸಂಜೆ ಬಿಸಿಲು ಇಳಿಯುವ ಮುಂಚೆ ಒಳಗೆ ತರಲೇಬೇಕು. ಇಡೀ ದಿನ ಆರಿದ ನೀರಿನ ಒಂದು ಪಾಲನ್ನು ರಾತ್ರಿಯ ಇಬ್ಬನಿ ವಾಪಸು ಕೊಟ್ಟುಬಿಡುತ್ತದೆ.

6. ಉರಿ ಜಾಸ್ತಿಯಾದರೆ ಕೆಲಸ ಬೇಗ ಮುಗಿಯುವುದಿಲ್ಲ.

ಮೋಡ ಕವಿದಾಗ ಓವನ್ ನೆನಪಾಯಿತು. ಬೇಗ ಆಗಲೆಂದು ಶಾಖ ಏರಿಸಿದೆ. ಹೋಳುಗಳು ಹೊರಗೆ ಕಪ್ಪಾಗಿ ಬಿರುಸಾದವು, ಮುರಿದು ನೋಡಿದರೆ ಒಳಗೆ ಹಸಿ. ಹೊರಮೈ ಬೇಗ ಗಟ್ಟಿಕಟ್ಟಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲ. 55ರಿಂದ 60 ಡಿಗ್ರಿ ಸೆಲ್ಸಿಯಸ್ ಸಾಕು, ಅದು ಬೇಯಿಸುವ ಶಾಖವಲ್ಲ. ಓವನ್ ಆದರೆ ಬಾಗಿಲನ್ನು ಸ್ವಲ್ಪ ತೆರೆದಿಡಿ, ಆವಿ ಹೋಗಬೇಕು. ಹೋಳಿನ ದಪ್ಪವೂ ಒಂದೇ ಸಮನಿರಲಿ. ಇಲ್ಲದಿದ್ದರೆ ತೆಳುವಾದದ್ದು ಸೀಯುವ ಹೊತ್ತಿಗೆ ದಪ್ಪನೆಯದು ಅರ್ಧ ಒಣಗಿರುತ್ತದೆ.

7. ಡಬ್ಬಿಗೆ ತುಂಬಿದ ಮೇಲೂ ಒಂದು ವಾರ ಕಾಯಿರಿ.

ನನಗೆ ಅತಿ ಹೆಚ್ಚು ಬೇಸರ ತಂದ ಸೋಲು ಇದು. ಚೆನ್ನಾಗಿ ಒಣಗಿತ್ತು, ಗಾಜಿನ ಭರಣಿಗೆ ಒತ್ತಿ ತುಂಬಿ ಎತ್ತಿಟ್ಟೆ. ಸ್ವಲ್ಪ ದಿನ ಬಿಟ್ಟು ತೆರೆದರೆ ಬೂಷ್ಟು ಹಿಡಿದು ಎಲ್ಲ ಹೋಗಿತ್ತು. ಕಾರಣ ಎರಡು. ಒಂದು, ಬಿಸಿಲಿನಿಂದ ತಂದ ಬಿಸಿಯಲ್ಲೇ ತುಂಬಿದ್ದೆ, ಒಳಗೆ ಬೆವರಿತ್ತು. ಇನ್ನೊಂದು, ಎಲ್ಲ ಹೋಳೂ ಒಂದೇ ಹದಕ್ಕೆ ಒಣಗಿರುವುದಿಲ್ಲ. ಈಗ ಪೂರ್ತಿ ಆರಿಸಿ, ಭರಣಿಯ ಮುಕ್ಕಾಲು ಭಾಗ ಮಾತ್ರ ಸಡಿಲವಾಗಿ ತುಂಬಿ, ವಾರವಿಡೀ ದಿನಕ್ಕೊಮ್ಮೆ ಅಲ್ಲಾಡಿಸುತ್ತೇನೆ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಎಲ್ಲವೂ ಮತ್ತೆ ಬಿಸಿಲಿಗೆ. ಹದ ನೋಡುವ ಬಗೆ ಇಷ್ಟೇ: ತಣ್ಣಗಾದ ಹೋಳನ್ನು ಹರಿದು ಬೆರಳಲ್ಲಿ ಒತ್ತಿ, ತೇವ ಅಂಟಬಾರದು. ಪುಡಿಗೆ ಬೇಕಾದರೆ ಬಗ್ಗಿಸಿದಾಗ ಲಟ್ಟನೆ ಮುರಿಯಬೇಕು.

8. ಎಣ್ಣೆಯನ್ನು ನಂಬಿ ಹೊರಗಿಡಬೇಡಿ.

ಅರ್ಧ ಒಣಗಿದ ಟೊಮೆಟೊ, ಬೆಳ್ಳುಳ್ಳಿ ಎರಡನ್ನೂ ಎಣ್ಣೆಯಲ್ಲಿ ಮುಳುಗಿಸಿ ಉಪ್ಪಿನಕಾಯಿಯ ಹಾಗೆ ಕಪಾಟಿನಲ್ಲಿಟ್ಟಿದ್ದೆ. ವಿಷಯ ತಿಳಿದ ಮೇಲೆ ಪೂರ್ತಿ ಎಸೆದೆ. ಉಪ್ಪಿನಕಾಯಿಯನ್ನು ಕಾಯುವುದು ಎಣ್ಣೆಯೊಂದೇ ಅಲ್ಲ, ಅದರ ಉಪ್ಪು ಮತ್ತು ಹುಳಿ ಕೂಡ. ತೇವ ಉಳಿದ ಹೋಳನ್ನು, ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿದರೆ ಗಾಳಿಯಾಡದ ಜಾಗವಾಗುತ್ತದೆ. ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ಕಡೆಯೇ. ಅದರ ವಿಷ ಬಣ್ಣದಿಂದಾಗಲಿ ವಾಸನೆಯಿಂದಾಗಲಿ ತಿಳಿಯುವುದಿಲ್ಲ. ಎಣ್ಣೆಯಲ್ಲಿ ಹಾಕುವ ಆಸೆಯಿದ್ದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ. ವರ್ಷಕ್ಕೆ ಎತ್ತಿಡುವುದಾದರೆ ಪೂರ್ತಿ ಒಣಗಿಸಿದ್ದೇ ಸರಿ.

9. ಹೋಳಾಗಿಯೇ ಇಡಿ, ಬೇಕಾದಷ್ಟೇ ಪುಡಿ ಮಾಡಿ.

ಎಲ್ಲವನ್ನೂ ಒಮ್ಮೆಗೇ ಪುಡಿ ಮಾಡಿಟ್ಟ ವರ್ಷ, ಮಳೆಗಾಲದ ಹೊತ್ತಿಗೆ ಪುಡಿ ಕಲ್ಲಿನಂತೆ ಗಂಟುಕಟ್ಟಿತ್ತು. ಟೊಮೆಟೊದ ಸಕ್ಕರೆ ತೇವವನ್ನು ಬೇಗ ಹೀರುತ್ತದೆ. ಈಗ ಹೋಳುಗಳನ್ನು ಬೆಳಕು ಬೀಳದ ಕಡೆ ಇಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಮಿಕ್ಸಿಗೆ ಹಾಕುತ್ತೇನೆ. ಹುರಿಗಡಲೆ, ಒಣಮೆಣಸಿನಕಾಯಿ ಜೊತೆ ಕುಟ್ಟಿದರೆ ಒಳ್ಳೆಯ ಚಟ್ನಿಪುಡಿ. ಗೊಜ್ಜಿಗೆ ಹೋಳನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೆನೆಸಿದ ನೀರನ್ನೂ ಸೇರಿಸಿ. ರುಚಿ ಅರ್ಧ ಆ ನೀರಿನಲ್ಲಿರುತ್ತದೆ.

ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳುವುದಾದರೆ, ನೀರನ್ನು ಹೊರಗೆ ಕಳಿಸುವುದು ಅರ್ಧ ಕೆಲಸ, ಅದು ವಾಪಸು ಬರದಂತೆ ಕಾಯುವುದು ಉಳಿದರ್ಧ. ನನಗೆ ಅತಿ ಹೆಚ್ಚು ಬೇಸರ ತಂದ ನಷ್ಟ ಈ ಎರಡನೆಯ ಅರ್ಧದಲ್ಲೇ ಆಯಿತು. ಮೊದಲ ಸಲ ಮಾಡುವವರು ಬುಟ್ಟಿಗಟ್ಟಲೆ ಹಣ್ಣಿಗೆ ಕೈಹಾಕಬೇಡಿ. ಬರುವ ಫೆಬ್ರವರಿಯಲ್ಲಿ, ಟೊಮೆಟೊ ಅಗ್ಗವಿದ್ದಾಗ, ಎರಡು ಕೆಜಿ ಗಟ್ಟಿ ಹಣ್ಣು ತಂದು ಮಾಡಿ ನೋಡಿ. ಅದು ಮಳೆಗಾಲ ದಾಟಿ ಚೆನ್ನಾಗಿ ಉಳಿದರೆ, ಮುಂದಿನ ವರ್ಷ ಹಿತ್ತಲಿನದನ್ನೆಲ್ಲ ಧೈರ್ಯವಾಗಿ ಮಾಳಿಗೆಗೆ ಏರಿಸಿ.